ನಾಲ್ಕನೇ ಸೆನ್ಸರು

ಕೆಲವು ವರ್ಷಗಳ ಹಿಂದಿನ ಮಾತು. ಆ ಬೆಳಿಗ್ಗೆಯೂ ಹಾಲು ಕಾಯಿಸಿ, ತುಳಸಿಗೆ ನೀರು ಹಾಕಿ, ಚಾ ಮಾಡಿಕೊಂಡೆ. ಒಬ್ಬಳಿಗಾಗುವ ಅಳತೆ ಇನ್ನೂ ಕೈಗೆ ಹತ್ತಿರಲಿಲ್ಲ, ಪಾತ್ರೆಯಲ್ಲಿ ಚೂರು ಉಳಿದೇ ಉಳಿಯುತ್ತಿತ್ತು. ಇವರು ತೀರಿಹೋಗಿ ಮೂರು ತಿಂಗಳಾಗಿತ್ತು. ಅದುವರೆಗೆ ಯಾರಾದರೂ ನಾನೀಗ ಹೇಳಹೊರಟಂಥ ಅನುಭವ ಹೇಳಿದರೆ, ಪಾಪ, ಮನಸ್ಸಿಗೆ ದಣಿವಾಗಿರಬೇಕು ಅಂದುಕೊಳ್ಳುತ್ತಿದ್ದೆ. ನೀವೂ ಹಾಗೇ ಅಂದುಕೊಂಡರೆ ನನಗೆ ಬೇಸರವಿಲ್ಲ.

ಇವರು ಕಾರವಾರದಲ್ಲಿ ಇಂಜಿನಿಯರಿಂಗ್ ಕಲಿಸುತ್ತಿದ್ದರು. ರಕ್ತನಾಳದ ಮಾದರಿಯೆಂದು ಸಪುರದ ಸಿಲಿಕೋನ್ ಕೊಳವೆ ಮಾಡಿ, ಅದರ ಮೇಲೆ ಬಿಸಿ ಅಳೆಯುವ, ಸಾಸಿವೆಗಿಂತ ಸಣ್ಣ ಸೆನ್ಸರು ಕೂರಿಸುತ್ತಿದ್ದರು. ಆಪರೇಷನ್ನಿನ ಉಪಕರಣ ನಾಳವನ್ನು ಎಷ್ಟು ಸುಡುತ್ತದೆಂದು ಮನುಷ್ಯರಿಗಿಂತ ಮೊದಲು ಕೊಳವೆಯ ಮೇಲೆ ನೋಡಬೇಕಲ್ಲ. ಕೂದಲೆಳೆಯಂಥ ತಂತಿ ಜೋಡಿಸುವಾಗ ಅವರ ಕೈ ನಡುಗುತ್ತಿತ್ತು. "ಸಿಸ್ಟರು ಕಲಿಸಿದ ಕಸೂತಿ ಮತ್ತೆಂತಕ್ಕೆ ಬರ್ತದೆ, ಬಾ ಇಲ್ಲಿ" ಎಂದು ಕರೆಯುತ್ತಿದ್ದರು. ಅಂಕೋಲೆಯ ಕಾನ್ವೆಂಟಿನಲ್ಲಿ ಪಳಗಿದ ಕೈ ನನ್ನದು. ನಾನು ತಂತಿ ಕೂರಿಸಿದ ಮೇಲೆ ಅವರು ಸೆನ್ಸರನ್ನು ಎರಡು ಬೆರಳಲ್ಲಿ ಹಿಡಿಯುವರು. ಮೀಟರಿನಲ್ಲಿ ಅಂಕಿ ಏರಿದರೆ ಇಬ್ಬರೂ ಮಕ್ಕಳ ಹಾಗೆ ನಗಾಡುತ್ತಿದ್ದೆವು.

ಕೊನೆಯ ಕೊಳವೆಯಲ್ಲಿ ನಾಲ್ಕನೆಯ ಸೆನ್ಸರಿನ ಅಂಕಿ ಏರಲೇ ಇಲ್ಲ. "ಇರ್ಲಿ, ನಾಳೆ ತೆಗ್ದು ಮತ್ತೆ ಹಾಕ್ವಾ" ಅಂದರು. ಆ ನಾಳೆಗೆ ಅವರಿರಲಿಲ್ಲ. ನನ್ನ ಕೈಯ ತಪ್ಪು ಹಾಗೇ ಉಳಿಯಿತು.

ಅವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಆ ಸಂಜೆ ಬಂದು ಕೊಳವೆ ಒಯ್ಯುವುದಿತ್ತು. ಕೊಡುವ ಮೊದಲು ಒಮ್ಮೆ ನೋಡುವ ಎಂದು ಮೀಟರಿಗೆ ಸಿಕ್ಕಿಸಿ ಮೇಜಿನ ಮೇಲಿಟ್ಟೆ. ಮೂರು ಸೆನ್ಸರು ಇಪ್ಪತ್ತೆಂಟು ತೋರಿಸಿದವು, ಕೋಣೆಯ ಬಿಸಿ. ನಾಲ್ಕನೆಯದರಲ್ಲಿ ಅಂಕಿಯಿಲ್ಲ, ಬರೀ ಗೆರೆ.

ಚಾ ಲೋಟ ಎತ್ತುವಷ್ಟರಲ್ಲಿ ಆ ಗೆರೆಯ ಜಾಗದಲ್ಲಿ ಇಪ್ಪತ್ತೊಂಬತ್ತು. ಆಮೇಲೆ ಮೂವತ್ತೊಂದು. ಬೆರಳಲ್ಲಿ ಹಿಡಿದಾಗ ಏರುವ ಹಾಗೆಯೇ ಮೆಲ್ಲಗೆ ಏರಿ ಮೂವತ್ನಾಲ್ಕಕ್ಕೆ ನಿಂತಿತು. ನಾನು ಮುಟ್ಟಿರಲಿಲ್ಲ. ಮೇಜಿಗೆ ಬಿಸಿಲೂ ಬಂದಿರಲಿಲ್ಲ. ಬಾಯಿಂದ ಸದ್ದೇ ಹೊರಡದೆ ಕೂತುಬಿಟ್ಟೆ. ಗೆರೆ ಮತ್ತೆ ಬಂದಾಗ ಚಾ ಮೇಲೆ ಕೆನೆ ಕಟ್ಟಿತ್ತು.

ಸಂಜೆ ಬಂದವರು ಭೂತಗನ್ನಡಿಯಲ್ಲಿ ನೋಡಿ, "ಮೇಡಂ, ನಾಲ್ಕನೇದ್ರ ತಂತಿ ನಡುವೇ ತುಂಡಾಗಿದೆ. ಇದ್ರಲ್ಲಿ ನಂಬರ್ ಬರೂದೇ ಇಲ್ಲ" ಅಂದರು. ತುಂಡಾದ ತಂತಿ ಗಳಿಗೆಯ ಮಟ್ಟಿಗೆ ತಾಗಿಕೊಂಡಿತು ಅನ್ನೋಣ. ಬಿಸಿ ಎಲ್ಲಿಂದ ಬಂತು? ಇವತ್ತಿಗೂ ನನಗೆ ತಿಳಿದಿಲ್ಲ. ಆ ತಂತಿಯೊಂದನ್ನು ಬಿಚ್ಚಬೇಡಿ ಎಂದಷ್ಟೇ ಬಂದವರನ್ನು ಕೇಳಿಕೊಂಡು, ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟು ಕೊಟ್ಟೆ.

ಗೇಟು ಹಾಕುವಾಗ ಪಕ್ಕದ ಮನೆಯ ಶಾಲಿನಿಬಾಯಿ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ತಿರುಗಿಯೂ ನೋಡದೆ ಹೇಳಿದರು: "ಬೆಳಿಗ್ಗೆ ಬಂಗಡೆ ಮೀನು ಕೊಡೂಕೆ ಬಂದಿದ್ದೆ ವೈನಿ. ಒಳಗೆ ನೀವು ನಗಾಡೂದು ಕೇಳ್ತು. ಯಾರೋ ಬಂದಿದ್ದಾರೆ ಅಂತ ಹೇಳಿ ತಿರುಗಿ ಹೋದೆ."