ಮೊರ್ಲಿಯೆರ್ ಮಹಲಿನ ಸೂರು ಇಳಿಸಿದವನು

ಸೂರು ಹೊದಿಸುವ ಒಕ್ತಾವ್ ಮೆನಾರ್ ಸ್ಲೇಟುಕಲ್ಲಿನ ಹಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಲುಆರ್ ನದಿ ಕ್ಷಣಕಾಲ ನಿಂತು ಕಿವಿಗೊಡುತ್ತಿತ್ತು ಎಂಬುದು ನಮ್ಮೂರ ವೈನಂಗಡಿಯ ಪ್ರತೀತಿ. ಒಡಕು ಹಂಚು ಅವನೆದುರು ತಾನಾಗಿ ತಪ್ಪೊಪ್ಪಿಕೊಳ್ಳುತ್ತಿತ್ತಂತೆ. ಪಾದ್ರಿಗಳಿಗೂ ಅಷ್ಟು ತಪ್ಪೊಪ್ಪಿಗೆ ದಕ್ಕಿರಲಿಲ್ಲ. ಒಮ್ಮೆ ತಟ್ಟುವುದು, ತಲೆ ವಾಲಿಸಿ ದನಿ ಕೇಳುವುದು, ಆಮೇಲೆ ಮೊಳೆ. ಹೆಂಡತಿಯನ್ನೂ ಹಾಗೇ ತಟ್ಟಿ ನೋಡಿ ಕಟ್ಟಿಕೊಂಡನೆಂದು ಹೇಳುವವರಿದ್ದರು. ಅದು ಸುಳ್ಳು, ಅವನಿಗೆ ಮದುವೆಯೇ ಆಗಿರಲಿಲ್ಲ.

ಇಂಥ ಮಹಾವೀರನ ಕೊನೆಯ ಯುದ್ಧ ಮಾತ್ರ ತಲೆಕೆಳಗಾಗಿತ್ತು. ಆಯುಷ್ಯವಿಡೀ ಕಾಪಾಡಿಕೊಂಡು ಬಂದ ಮೊರ್ಲಿಯೆರ್ ಮಹಲಿನ ಛಾವಣಿಯನ್ನು ಅವನೇ ಕಿತ್ತು ಇಳಿಸಬೇಕಾಯಿತು. ಮಹಲು ಪಿತ್ರಾರ್ಜಿತವಾಗಿ ಬಂದದ್ದು ಪ್ಯಾರಿಸ್ಸಿನ ಉಬೇರ್ ಸಾಹೇಬನಿಗೆ. ಸೂರಿದ್ದರೆ ಮನೆ, ಮನೆಯಿದ್ದರೆ ತೆರಿಗೆ. ಸೂರಿಲ್ಲದ್ದು ಬರೀ ಗೋಡೆ. ಒಂದು ಮೂಲೆಯಲ್ಲಿ ಹಂಚುಳಿದರೂ ತೆರಿಗೆ ಪೂರ್ತಿ. ಹೊಸ ವರ್ಷದೊಳಗೆ ಎಲ್ಲವೂ ಇಳಿಯಬೇಕೆಂದು ಸಾಹೇಬನ ಅಪ್ಪಣೆಯಾಯಿತು.

ಹಡಗನ್ನು ಬೋರಲು ಹಾಕಿದಂಥ ಓಕ್ ಮರದ ಮಾಡು ಅದು. ಕೆಳಗಿನ ಬಿಳಿಯ ಸುಣ್ಣಕಲ್ಲೋ ಬೆಣ್ಣೆಯಂತೆ ಕೆತ್ತಿಸಿಕೊಳ್ಳುತ್ತದೆ, ಕುಡುಕನಂತೆ ನೀರು ಹೀರುತ್ತದೆ. ತಲೆ ಬೋಳಾದರೆ ಎರಡೇ ಚಳಿಗಾಲಕ್ಕೆ ಬಾಗಿಲ ಮೇಲಿನ ದೇವದೂತರ ಮೂಗು ಉದುರುವುದು ಖಂಡಿತ.

ಉಬೇರ್ ಸಾಹೇಬ ಒಂದು ಸಣ್ಣ ವಿಷಯ ಮರೆತಿದ್ದ. ಪೂರ್ವದ ತುದಿಯ ಅಟ್ಟದ ಕೋಣೆಯಲ್ಲಿ ಹಳೆಯ ಅಡುಗೆಯವಳು ಝೆಲಿ ಇನ್ನೂ ವಾಸವಾಗಿದ್ದಳು. ನೆನಪಿಸಿದಾಗ "ಸನ್ಯಾಸಿನಿಯರ ವೃದ್ಧಾಶ್ರಮ ಇದೆಯಲ್ಲ" ಎಂದ. ಆಶ್ರಮದಲ್ಲಿ ಹಾಸಿಗೆಗಳೆಲ್ಲ ಭರ್ತಿ. ಯಾರಾದರೂ ಸತ್ತರೆ ಹೇಳಿ ಕಳಿಸುತ್ತೇವೆ ಎಂದರು.

ಒಕ್ತಾವ್ ಪಶ್ಚಿಮದ ತುದಿಯಿಂದ ಶುರುಮಾಡಿದ. ಕಿತ್ತ ಒಂದೊಂದು ಹಂಚನ್ನೂ ತಟ್ಟಿದ, ಕೇಳಿದ, ಪಕ್ಕಕ್ಕಿಟ್ಟ.

ನೋಡಲು ಬಂದ ಉಬೇರ್ ಸಾಹೇಬ ಅಂಗಳದಿಂದ ಕಿರುಚಿದ. "ಏನಯ್ಯಾ, ಕಿತ್ತುಹಾಕೋ ಹಂಚಿಗೂ ನಾಡಿ ನೋಡ್ಬೇಕಾ?"

"ಒಡೆದಿದ್ದನ್ನ ಯಾರು ಕೊಳ್ತಾರೆ, ಧಣಿ?"

"ಬೇಗ ಬೇಗ ಮಾಡಯ್ಯಾ!"

"ಬೇಗ ಮಾಡಿದ್ರೆ ಹಂಚಿಗಿಂತ ಮುಂಚೆ ನಾನೇ ಇಳೀತೀನಿ."

ಡಿಸೆಂಬರ್ ಮಂಜಿನಲ್ಲಿ ಬೋಳು ತೊಲೆಗಳು ದಿನದಿನಕ್ಕೆ ಪೂರ್ವಕ್ಕೆ ಸರಿದವು. ಝೆಲಿ ಅಟ್ಟದ ಕಿಟಕಿಯಿಂದ ಕತ್ತು ಚಾಚಿ ವಿಚಾರಿಸುತ್ತಿದ್ದಳು.

"ಎಲ್ಲೀವರೆಗೆ ಬಂದ್ಯೋ?"

"ದೊಡ್ಡ ಹೊಗೆಗೂಡು ದಾಟ್ದೆ."

"ಆಶ್ರಮದಲ್ಲಿ ಯಾರಾದ್ರೂ ಹೋದ್ರಾ?"

"ಮುದುಕ ಗಾತಿಯೆನ್ ಕೆಮ್ತಿದಾನಂತೆ."

"ಅಯ್ಯೋ ಪಾಪ." ಕತ್ತು ಇನ್ನಷ್ಟು ಚಾಚಿ, "ಜೋರಾಗಾ?"

ಆ ವಾರ ಚರ್ಚಿನಲ್ಲಿ ಗಾತಿಯೆನ್ ಹೆಸರಲ್ಲಿ ಬಹಳ ಮೇಣದಬತ್ತಿ ಉರಿದವು. ಹಚ್ಚಿದವರು ಏನು ಬೇಡಿಕೊಂಡರೆಂದು ನಾವು ಪರಸ್ಪರ ಕೇಳಿಕೊಳ್ಳಲಿಲ್ಲ. ಮುದುಕ ಚೇತರಿಸಿಕೊಂಡು ಎರಡು ತಟ್ಟೆ ಬಾತುಕೋಳಿ ತಿಂದನೆಂಬ ಸುದ್ದಿ ಬಂದಾಗ ಊರಿಗೇ ಸೂತಕ ಕವಿದಂತಾಯಿತು. ಒಕ್ತಾವ್ ಒಂದೊಂದು ಹಂಚನ್ನು ಎರಡೆರಡು ಸಲ ತಟ್ಟತೊಡಗಿದ.

ಕ್ರಿಸ್‌ಮಸ್ ಕಳೆದ ಮೇಲೆ ಗಾತಿಯೆನ್ ಕೊನೆಗೂ ಹೋದ. ಝೆಲಿಯನ್ನು ಗಾಡಿಯಲ್ಲಿ ಕರೆದೊಯ್ದು ಅವನ ಹಾಸಿಗೆಗೇ ಸೇರಿಸಿದರು. ಗಾಡಿ ಗೇಟು ದಾಟಿತೋ ಇಲ್ಲವೋ, ಒಕ್ತಾವ್ ಸಲಿಕೆ ಹಿಡಿದ. ಉಳಿದ ಹಂಚುಗಳಲ್ಲಿ ಒಂದನ್ನೂ ತಟ್ಟಲಿಲ್ಲ. ಮೀಟಿ ಮೀಟಿ ಅಂಗಳಕ್ಕೆ ತಳ್ಳಿದ. ಅವು ಬಿದ್ದು ಒಡೆದ ಸದ್ದು ಊರೆಲ್ಲ ಕೇಳಿತು. ಮರುದಿನ ಮಳೆ ಮಹಲಿನ ಒಳಗೇ ಸುರಿಯಿತು. ಅಗ್ಗಿಷ್ಟಿಕೆಗಳಲ್ಲಿ ನೀರು ನಿಂತಿತು.

ಆ ಸಂಜೆ ವೈನಂಗಡಿಯಲ್ಲಿ ನಾವೆಲ್ಲ ಅವನಿಗಾಗಿ ಲೋಟ ಎತ್ತಿದೆವು. ಅಂಗಡಿಯ ಮಾಲೀಕ ಫುಲ್ಬೇರ್ ಅವನ ಹೆಗಲು ತಟ್ಟಿದ. "ತೆರಿಗೆಗೂ ಧಣಿಗೂ ಎದೆಗೊಟ್ಟು ಒಂದು ಹೆಣ್ಣಿನ ಸೂರು ಕಾಯ್ದೆಯಲ್ಲೋ, ವೀರ ಕಣಯ್ಯಾ ನೀನು! ಈಗಾದ್ರೂ ಬಾಯಿಬಿಡು, ಒಳಗೊಳಗೇ ಪ್ರೀತಿ ತಾನೆ?"

ಒಕ್ತಾವ್ ಲೋಟ ಕೆಳಗಿಟ್ಟ.

"ಮಧ್ಯಾಹ್ನ ಬಿಸಿ ಸೂಪ್ ಕೊಡ್ತಿದ್ಲು. ಈಗ ಅಲ್ಲಿ ಅವಳನ್ನ ಅಡುಗೆಮನೆಗೆ ಬಿಡಲ್ವಂತೆ."