ಲಿಫ್ಟಿನೊಳಗಿನ ಟೀಚರೂ ಒರಾಂಗುಟಾನ್ ಅರ್ಜಿಯೂ

ಲಿಫ್ಟ್ ರಿಪೇರಿ ಕಂಪನಿಯ ಫೋನ್ ಮೇಜಿನಲ್ಲಿ ಕೂರುವ ಈ ಮಹಾಶಯನಿಗೆ ಆಫೀಸಿನವರು ಇಟ್ಟ ಹೆಸರು ವನವಾಸಿ. ಹಾಗೆಂದು ಕಾಡು ಕಂಡವನಲ್ಲ. ಆಫೀಸಿನ ಕಿಟಕಿಯಾಚೆ ಇರುವ ಒಂದೇ ಒಂದು ಮರವನ್ನೂ ನೆಟ್ಟಗೆ ನೋಡಿದವನಲ್ಲ. ಆದರೆ ಬೋನುಗಳಿಂದ ಬಿಡಿಸಿ ತಂದ ಒರಾಂಗುಟಾನ್‌ಗಳನ್ನು ಸಲಹುವ ಕೇಂದ್ರವೊಂದು ಕಡಲಾಚೆಯ ಮಳೆಕಾಡಿನಲ್ಲಿದೆ ಎಂದು ಗೊತ್ತಾದಂದಿನಿಂದ ಅವನದು ಅದೊಂದೇ ಜಪ. ಬೆನ್ನಿಗೆ ಹಾಕುವ ಚೀಲ ಬಂತು, ಜಿಗಣೆ ಹತ್ತದ ಉದ್ದ ಕಾಲುಚೀಲ ಬಂತು, ಅಗಲ ಅಂಚಿನ ಟೋಪಿಯೂ ಬಂತು. ಆ ಟೋಪಿ ಹಾಕಿಕೊಂಡು ಕನ್ನಡಿ ಮುಂದೆ ನಿಂತವನನ್ನು ನೋಡಿ ಅವನ ಅಮ್ಮ, "ಪಾಪ, ಅವು ಹೆದರ್ಕೊಂಡು ವಾಪಸ್ ಬೋನಿಗೆ ಹೋಗದಿದ್ರೆ ಸಾಕು," ಎಂದಿದ್ದರು.

ಅವನ ಕೆಲಸ ಘನಂದಾರಿಯದೇನಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಕರೆ ಇವನಿಗೆ ಬರುತ್ತದೆ. ವಿಳಾಸ ಕೇಳಿ, ಮೆಕ್ಯಾನಿಕ್‌ನನ್ನು ಕಳಿಸಿ, ಅವನು ಬಂದು ಬಾಗಿಲು ತೆಗೆಯುವವರೆಗೆ ಒಳಗಿದ್ದವರ ಜೊತೆ ಮಾತಾಡುತ್ತಲೇ ಇರಬೇಕು, ಫೋನ್ ಇಡುವಂತಿಲ್ಲ. ಈ ಸಿಕ್ಕಿಕೊಂಡವರೆಂದರೆ ಇವನಿಗೆ ಮಹಾ ಅಸಡ್ಡೆ. ಮೆಟ್ಟಿಲು ಹತ್ತಲು ಇವರ ಕಾಲಿಗೇನು ಧಾಡಿ, ಐದು ನಿಮಿಷಕ್ಕೇ ಪ್ರಾಣ ಹೋದ ಹಾಗೆ ಆಡುತ್ತಾರಲ್ಲ ಎಂದು ಒಳಗೊಳಗೇ ಹಲ್ಲು ಕಡಿಯುತ್ತಿದ್ದ.

ಕೇಂದ್ರದವರು ವರ್ಷಕ್ಕೊಮ್ಮೆ, ಬೆಳಿಗ್ಗೆ ಹನ್ನೊಂದಕ್ಕೆ, ವೆಬ್‌ಸೈಟಿನಲ್ಲಿ ಅರ್ಜಿ ತೆರೆಯುತ್ತಾರೆ. ಮೊದಲು ಬಂದ ನಲವತ್ತು ಜನಕ್ಕಷ್ಟೇ ಜಾಗ. 'ನೀವೇಕೆ ಬರಬಯಸುತ್ತೀರಿ?' ಎಂಬ ಕೊನೆಯ ಪ್ರಶ್ನೆಗೆ ಒಂದು ಪುಟದ ಉತ್ತರ ಬೇಕು. ಹಿಂದಿನ ವರ್ಷ ಆ ಉತ್ತರಕ್ಕೆ ಒಗ್ಗರಣೆ ಹಾಕುತ್ತಾ ಕೂತವನಿಗೆ ಜಾಗ ಕೈತಪ್ಪಿತ್ತು. ಆಮೇಲೆ ವರ್ಷವಿಡೀ ತಿದ್ದಿ ತೀಡಿ ಉತ್ತರ ಬರೆದಿಟ್ಟುಕೊಂಡ. ಆ ಹಾಳೆಯನ್ನು ಈ ದಿನ ಮನೆಯಲ್ಲೇ, ಟೋಪಿಯೊಳಗೆ ಬಿಟ್ಟು ಬಂದಿದ್ದ. ಇಂಥ ಬುದ್ಧಿವಂತ.

ಹನ್ನೊಂದಕ್ಕೆ ಎರಡು ನಿಮಿಷವಿದ್ದಾಗ ಫೋನ್ ಹೊಡೆದುಕೊಂಡಿತು. ನಿವೃತ್ತ ಟೀಚರ್ ಒಬ್ಬರು. ಅವರ ಲಿಫ್ಟ್ ಮೂರು, ನಾಲ್ಕನೇ ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ವಿಳಾಸ ಗೀಚಿಕೊಂಡು, "ಗಾಬರಿಯಾಗ್ಬೇಡಿ ಮೇಡಂ, ಮೆಕ್ಯಾನಿಕ್ ಹೊರಟಿದಾರೆ," ಎಂದ. ಮೆಕ್ಯಾನಿಕ್ ಎಲ್ಲಿಗೂ ಹೊರಟಿರಲಿಲ್ಲ. ಅವನಿಗೆ ಹೇಳಬೇಕಾದವನ ಕಣ್ಣು ಆಗಲೇ ಪರದೆಗೆ ಅಂಟಿಕೊಂಡಿತ್ತು.

ಹೆಸರು, ವಯಸ್ಸು, ನೆಗಡಿ ಇದೆಯೇ, ಎಲ್ಲವೂ ಚಕಚಕ. ಮನುಷ್ಯರ ನೆಗಡಿ ಅವಕ್ಕೂ ಅಂಟುತ್ತದಂತೆ. ಕೊನೆಯ ಪ್ರಶ್ನೆಗೆ ಬಂದಾಗ ಹಾಳೆಯ ನೆನಪಾಗಿ ಬೆವರಿದ. ನೆನಪಿದ್ದಷ್ಟನ್ನು ಹೊಡೆಯತೊಡಗಿದ. ಬರೆಯುವುದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆಯುವುದು ಅವನಿಗೆ ಸ್ಕೂಲಿನಿಂದ ಹತ್ತಿದ ಚಟ. "ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಒಂಟಿಯಾಗಿ ಸಿಕ್ಕಿಬಿದ್ದ ಜೀವದ ಮೊರೆ ಕಿವಿಗೆ ಬಿದ್ದರೆ ನನ್ನ ಕರುಳು ಚುರುಕ್ಕೆನ್ನುತ್ತದೆ..."

"ಹೌದಾ?" ಎಂದಿತು ಕಿವಿಗೆ ಸಿಕ್ಕಿಸಿಕೊಂಡ ಫೋನು. "ನಾನು ಸಿಕ್ಕಿಬಿದ್ದು ಕಾಲು ಗಂಟೆ ಆಯ್ತಪ್ಪ."

ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ, ಎಲ್ಲರೂ ಅಕ್ಕ ಎನ್ನುವವರು, ಪೆನ್ನು ಕೆಳಗಿಟ್ಟು ಕಿವಿ ನಿಮಿರಿಸಿದರು.

"ಅದು ಬೇರೆ ಮೇಡಂ. ಎರಡು ವರ್ಷದಿಂದ ಹೋಗ್ಬೇಕು ಅಂತಿರೋ ಒರಾಂಗುಟಾನ್ ಕೇಂದ್ರದ ಅರ್ಜಿ. ಒರಾಂಗುಟಾನ್ ಅಂದ್ರೆ ಕೆಂಚು ಕೂದಲಿನ ದೊಡ್ಡ ವಾನರ."

"ನಾನೂ ಕೂದಲಿಗೆ ಕೆಂಚು ಬಣ್ಣಾನೇ ಹಾಕಿದೀನಿ. ಸ್ವಲ್ಪ ಕರುಳು ಈ ಕಡೆನೂ ತಿರುಗಿಸು."

ಆಗ ಇನ್ನೊಂದು ಫೋನಿನಲ್ಲಿ ಮೆಕ್ಯಾನಿಕ್‌ಗೆ ಹೇಳಿದ. "ಈಗ ಹೇಳ್ತೀಯಾ ಮಾರಾಯಾ? ನಾನಿರೋದು ಊರಿನ ಈ ತುದೀಲಿ. ಅರ್ಧ ಗಂಟೆ ಬೇಕು," ಎಂದ ಮೆಕ್ಯಾನಿಕ್.

ನಿಯಮವೆಂದರೆ ನಿಯಮ, ಅರ್ಧ ಗಂಟೆ ಮಾತಾಡಬೇಕು. ಪರದೆಯಲ್ಲಿ ಉಳಿದಿದ್ದು ಆರು ಜಾಗ.

"ಸರಿ, ಅದರ ವಿಷ್ಯಾನೇ ಹೇಳು. ಅವು ಏನು ತಿಂತವೆ?" ಎಂದರು ಟೀಚರ್.

"ಹಣ್ಣು... ಇರ್ಬೇಕು." ಕೈ ಕೀಲಿಮಣೆಯ ಮೇಲೆ ಓಡುತ್ತಲೇ ಇತ್ತು.

"ಮರಿ ಎಷ್ಟು ವರ್ಷ ತಾಯಿ ಜೊತೆ ಇರುತ್ತೆ?"

"ಅದು ನೋಡಿಲ್ಲ ಮೇಡಂ."

"ಮತ್ತೆ ಎರಡು ವರ್ಷದಿಂದ ಏನು ನೋಡಿದ್ದೀಯೋ?"

"ಕಾಲುಚೀಲ," ಎಂದವನು ಕೊನೆಯ ಗುಂಡಿ ಒತ್ತಿದ.

ಸಿಕ್ಕಿತು. ಮೂವತ್ತೊಂಬತ್ತನೇ ಜಾಗ. 'ಮೂಕಜೀವಗಳ ಬಗೆಗಿನ ನಿಮ್ಮ ಕಳಕಳಿಗೆ ನಮನಗಳು' ಎಂದು ಪರದೆ ಕೈಮುಗಿಯಿತು. ಅದನ್ನು ಅಕ್ಕನಿಗೆ ಕೇಳುವಂತೆ ಓದಿ, ಅವನೂ ನಾಚಿಕೆಯಿಲ್ಲದೆ ಕೈಮುಗಿದ.

ಕೊನೆಗೂ ಬಾಗಿಲು ಗರಗರ ಎಂದದ್ದು, ಮೆಕ್ಯಾನಿಕ್ ಕೈ ಕೊಟ್ಟದ್ದು ಕೇಳಿಸಿತು. ಹೊರಬೀಳುವ ಮೊದಲು ಟೀಚರ್ ಅಂದರು, "ಅಲ್ಲಿಗೆ ಹೋದ್ರೆ ಅವುಗಳ ಫೋನ್ ಮಾತ್ರ ನೀನು ಎತ್ತಬೇಡಪ್ಪ."

ಪ್ರತಿ ಕರೆಯ ವಿವರ ದಫ್ತರಿನಲ್ಲಿ ಬರೆಯಬೇಕು. ಕೊನೆಯ ಅಂಕಣ, ತಡವಾಗಲು ಕಾರಣ. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ಮುದ್ದಾದ ಅಕ್ಷರದಲ್ಲಿ, ಚಟದಂತೆ ಬಾಯಲ್ಲೂ ಹೇಳಿಕೊಳ್ಳುತ್ತಾ ಬರೆದ: "ದಾರಿಯಲ್ಲಿ ವಾಹನಗಳ ದಟ್ಟಣೆ."

"ಬರಿ, ಬರಿ," ಎಂದರು ಅಕ್ಕ, ತಲೆಯೆತ್ತದೆ. "ಇದಕ್ಕೂ ನಮನ ಬರುತ್ತೆ ನಿಂಗೆ."