ಖಂಡೇ ಪೂಜೆಗೆ ತೊಳೆದ ಸರ್ವರ್

ನಮ್ಮ ಮನೆಯಲ್ಲಿ ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ ಕುಡಗೋಲಿನಿಂದ ಹಿಡಿದು ಮಿಕ್ಸರ್‌ವರೆಗೆ ಎಲ್ಲವನ್ನೂ ತಿಕ್ಕಿ ತೊಳೆದು ದೇವರ ಮುಂದಿಡಬೇಕು. ಪೂಜೆಯ ದಿನ ಅವುಗಳಿಗೆ ಕೈ ಹಚ್ಚುವಂತಿಲ್ಲ. ಅತ್ತೆಯ ಈ ಕಟ್ಟಳೆಯಿಂದ ನನ್ನ ಲ್ಯಾಪ್‌ಟಾಪಿಗೂ ವಿನಾಯಿತಿ ಇಲ್ಲ.

"ಅದೇನೋ ಸರ್ವರ್ ಸರ್ವರ್ ಅಂತಿಯಲ್ಲ, ಅದೆಲ್ಲೈತಿ?" ಎಂದು ಆ ವರ್ಷ ಕೇಳಿದರು.

"ಮುಂಬೈದಾಗ ಐತ್ರಿ. ಬಾಡಿಗಿ ಮಷೀನು."

"ಎಲ್ಲಿದ್ರೇನು, ದುಡಿಯೋದು ನಮಗ ಹೌದಲ್ಲೋ? ಅದಕ್ಕೂ ಒಂದಿನ ಬಿಡುವು ಕೊಡು."

ನಾನು ಬಸವನ ಬಾಗೇವಾಡಿಯಲ್ಲಿ ಕಾಲೇಜು ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವವಳು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆ ರಕ್ತ ಕೊಡುವವರ ಪಟ್ಟಿಯೊಂದನ್ನು ಆ ಲಿನಕ್ಸ್ ಸರ್ವರ್‌ನಲ್ಲಿ ಇಟ್ಟಿದ್ದೆ. ವಿಡಿಯೊ ನೋಡಿ ನೋಡಿ, ಬೈದುಕೊಂಡು, ನಾನೇ ಕಟ್ಟಿದ್ದು. ಪಟ್ಟಿಯ ತಂತ್ರಾಂಶ ಓಡುತ್ತಿದ್ದುದು ಕಂಟೇನರ್‌ಗಳಲ್ಲಿ, ಅಂದರೆ ಬೇಕಾದ್ದನ್ನೆಲ್ಲ ತುಂಬಿ ಮುಚ್ಚಿದ ಡಬ್ಬಿಗಳಲ್ಲಿ. ಆಸ್ಪತ್ರೆಯ ನರ್ಸ್‌ಗಳು ಫೋನಿನಲ್ಲೇ ಅದನ್ನು ತೆರೆದು ನೋಡುತ್ತಿದ್ದರು.

ಒಂದು ದಿನ ತಾನೆ, ಯಾರಿಗಾದರೂ ಬೇಕಾದರೆ ಫೋನ್ ಮಾಡುತ್ತಾರೆ, ಮತ್ತೆ ಶುರು ಮಾಡಲು ಎಷ್ಟೊತ್ತು ಅಂದುಕೊಂಡು ಡಬ್ಬಿಗಳನ್ನು ನಿಲ್ಲಿಸಿದೆ. ತೊಳೆಯುವ ಶಾಸ್ತ್ರವೂ ಆಗಲಿ ಎಂದು, ಬೇಡದ್ದನ್ನೆಲ್ಲ ಅಳಿಸುವ ಆಜ್ಞೆಯನ್ನೂ ಕೊಟ್ಟೆ. ಹೌದೋ ಅಲ್ಲವೋ ಎಂದು ಅದು ಕೇಳಿತು. ಓದದೆ ಹೌದು ಎಂದು ಒತ್ತಿದೆ. ಲ್ಯಾಪ್‌ಟಾಪ್ ಒರೆಸಿ ದೇವರ ಮುಂದಿಟ್ಟೆ.

ಮರುದಿನ ಮಧ್ಯಾಹ್ನ ಹೋಳಿಗೆ ಮಾಡುತ್ತಿದ್ದಾಗ ಮುದ್ದೇಬಿಹಾಳದ ನರ್ಸ್ ಫೋನ್ ಮಾಡಿದಳು.

"ಅಕ್ಕೋರ, ನಿಮ್ಮ ಪಟ್ಟಿ ತೆರೀವಲ್ತು. ಹೆರಿಗಿ ಆದಾಕಿಗಿ ರಕ್ತ ನಿಲ್ಲವಲ್ತು. ಓ ನೆಗೆಟಿವ್. ಇದ್ದದ್ದೊಂದು ಬಾಟ್ಲಿ ಹಚ್ಚೇವಿ, ಇನ್ನೊಂದು ಬೇಕು. ಲಗೂ ನೋಡ್ರಿ!"

ದೇವರ ಮುಂದೆ ಹೋಗಿ ನಿಂತೆ. ಲ್ಯಾಪ್‌ಟಾಪಿನ ಮೇಲೆ ಕುಂಕುಮ, ಹೂವು. ಅತ್ತೆಗೆ ನಮ್ಮ ಮಾತು ಕೇಳಿಸಿತ್ತು. ಸೆರಗಿನಿಂದ ತಾವೇ ಕುಂಕುಮ ಒರೆಸಿ ಕೊಟ್ಟರು. "ಹಿಡಿ, ದೇವ್ರಿಗಿ ನಾ ಹೇಳ್ತೇನಿ."

ಸರ್ವರ್ ಒಳಗೆ ಹೋಗಿ ಡಬ್ಬಿಗಳ ಪಟ್ಟಿ ಕೇಳಿದೆ. ಒಂದೂ ಇರಲಿಲ್ಲ. ನಿಂತ ಡಬ್ಬಿ ಅಂದರೆ ಆ ಆಜ್ಞೆಯ ಪಾಲಿಗೆ ಬೇಡದ ಡಬ್ಬಿ. ಇದನ್ನು ನಾನೇ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಕಲಿಸಿದ್ದೆ. ಮಂದಿಗೆ ಬುದ್ಧಿ ಹೇಳುವ ಮೂಳಿ ನಾನು!

ಹೊಸದಾಗಿ ಡಬ್ಬಿಗಳನ್ನು ಎಬ್ಬಿಸಿದೆ. ಪುಟ ತೆರೆಯಿತು, ಆದರೆ ಒಂದು ಹೆಸರೂ ಇಲ್ಲ. ಬೇರೆ ಕಡೆ ನಕಲು ಇಡಬೇಕು ಎಂದು ತಿಂಗಳುಗಟ್ಟಲೆ ಅಂದುಕೊಂಡೇ ಇದ್ದೆ, ಇಟ್ಟಿರಲಿಲ್ಲ. ಮತ್ತೆ ಫೋನ್ ಬಂತು. "ಸಿಕ್ತೇನ್ರಿ?" ಅವಳ ಹಿಂದೆ ಯಾರೋ ಮುದುಕಿ ಅಳುವುದು ಕೇಳಿಸುತ್ತಿತ್ತು. "ನೋಡಾಕತ್ತೇನಿ," ಎಂದು ಫೋನ್ ಇಟ್ಟೆ. ಯವ್ವಾ, ಅಷ್ಟು ಹೆದರಿಕೆ ನನ್ನ ಜನ್ಮದಲ್ಲಿ ಆಗಿರಲಿಲ್ಲ. ನಾನು ನೋಡೇ ಇರದ ಒಬ್ಬ ಬಾಣಂತಿ ನಾನು ಒತ್ತಿದ ಒಂದು ಗುಂಡಿಯಿಂದ ಸಾಯುತ್ತಾಳೆ ಅನ್ನಿಸಿ ಪರದೆ ಮಂಜಾಯಿತು.

ಕಣ್ಣೊರೆಸಿಕೊಂಡು ಹುಡುಕಿದೆ. ಹೆಸರುಗಳು ಡಬ್ಬಿಯೊಳಗಲ್ಲ, ಹೊರಗೊಂದು ಜಾಗದಲ್ಲಿ ಕೂತಿರಬಹುದು ಎಂಬ ಒಂದೇ ಆಸೆ. ಅಂಥ ಎರಡು ಜಾಗಗಳಿದ್ದವು, ಎರಡಕ್ಕೂ ಅರ್ಥವಿಲ್ಲದ ಉದ್ದುದ್ದ ಹೆಸರು. ಒಂದು ಈಗ ಹುಟ್ಟಿದ ಖಾಲಿ ಜಾಗ. ಇನ್ನೊಂದು ಹಳೆಯದು, ಅದನ್ನೇ ಡಬ್ಬಿಗೆ ಜೋಡಿಸಬೇಕಿತ್ತು. ಇದನ್ನೂ ಅಳಿಸಿಬಿಟ್ಟರೆ ಮುಗಿಯಿತು ಎಂದು ಒಂದೊಂದು ಅಕ್ಷರವನ್ನೂ ಬಾಯಲ್ಲಿ ಅಂದುಕೊಂಡು ಒತ್ತಿದೆ. ಎರಡು ಸಲ ತಪ್ಪಾಯಿತು. ಮೂರನೆಯ ಸಲ ಹಳೆಯ ಜಾಗ ಡಬ್ಬಿಗೆ ಕೂಡಿಕೊಂಡಿತು.

ಹೆಸರುಗಳು ಬಂದವು. ಓ ನೆಗೆಟಿವ್ ಮೂರು ಜನ, ಒಬ್ಬರು ಮುದ್ದೇಬಿಹಾಳದಲ್ಲೇ ಇದ್ದರು. ಅವರ ನಂಬರು ಕಳಿಸುವಷ್ಟರಲ್ಲಿ, ಮೊದಲ ಫೋನಿನಿಂದ ನಲವತ್ತು ನಿಮಿಷ ಕಳೆದಿತ್ತು.

ಸಂಜೆ ನರ್ಸ್ ಮತ್ತೆ ಫೋನ್ ಮಾಡಿದಳು. "ತಾಯಿ ಉಳಿದ್ಲುರಿ, ಕೂಸೂ ಆರಾಮ ಐತಿ. ನಿಮ್ಮ ಉಪಕಾರ ಮರಿಯಂಗಿಲ್ಲ. ಆದ್ರ ಅಷ್ಟ್ಯಾಕ ತಡಾ ಆತ್ರಿ ಅಕ್ಕೋರ? ನಮ್ಮ ಜೀವ ಬಾಯಿಗಿ ಬಂದಿತ್ತು."

"ನೆಟ್ ಇರಲಿಲ್ಲವ್ವಾ," ಎಂದೆ.

ಪಕ್ಕದಲ್ಲಿದ್ದ ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಮರು ವರ್ಷ ಪೂಜೆಯ ಹಿಂದಿನ ದಿನ ಲ್ಯಾಪ್‌ಟಾಪ್ ಒರೆಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತರು.

"ಆ ಮುಂಬೈದನ್ನ ತೊಳೀಬ್ಯಾಡ, ಯವ್ವಾ," ಎಂದರು.